ಮೆಟ್ಟಿಲ ಮೇಲಿನವಳು ಒಯ್ದ ಅಧ್ಯಾಯ

ಮೈಸೂರು, ಹೊರಡುವ ಮುನ್ನ

ಐವತ್ತು ದಾಟಿದ ಯಾವ ಮೈಸೂರಿನ ಹೆಂಗಸನ್ನು ಕೇಳಿದರೂ ಈ ಕಥೆ ಹೇಳುತ್ತಾಳೆ. ದೆವ್ವದ ಕಾದಂಬರಿಗಳ ಶ್ರೀಪತಿರಾಯರು ಮದರಾಸಿನ ಹಳೆಯ ಮನೆಯೊಂದರಲ್ಲಿ ಕೂತು ‘ಮೆಟ್ಟಿಲ ಮೇಲಿನವಳು’ ಧಾರಾವಾಹಿಯ ಕೊನೆಯ ಅಧ್ಯಾಯ ಬರೆದು ಮುಗಿಸಿದರಂತೆ. ಹಾಳೆಗಳನ್ನು ಮೇಜಿನ ಮೇಲಿಟ್ಟು ಮಲಗಿದರಂತೆ. ಬೆಳಗಾದಾಗ ಹಾಳೆಗಳಿಲ್ಲ. ಬಾಗಿಲಿಗೆ ಒಳಗಿನಿಂದ ಅಗುಳಿ, ಕಿಟಕಿಗೆ ಒಳಗಿನಿಂದ ಚಿಲಕ. ಇನ್ಯಾರು ಒಯ್ಯಬೇಕು? ಕಾದಂಬರಿಯೊಳಗಿನ ದೆವ್ವವೇ ಇಳಿದು ಬಂದು ಒಯ್ದಿತ್ತು. ರಾಯರು ಜ್ವರದಲ್ಲಿ ನಡುಗುತ್ತ ಅದನ್ನೇ ಮತ್ತೆ ಬರೆದು ಕಳಿಸಿದರು. ಆಮೇಲೆ ಬದುಕಿನಲ್ಲಿ ಒಂದು ಸಾಲನ್ನೂ ಬರೆಯಲಿಲ್ಲ.

ನಾನು ಕೇಳುವುದು ಇಷ್ಟೆ: ಚಿಲಕ ಹಾಕಿದ್ದನ್ನು ನೋಡಿದವರು ಯಾರು?

“ಎಲ್ಲಾರೂ ಹೇಳ್ತಾರಲ್ಲೇ,” ಎಂದಳು ಅಮ್ಮ.

“ಎಲ್ಲಾರೂ ಹೇಳೋದು ಸಾಕ್ಷಿ ಅಲ್ಲಮ್ಮ. ಒಬ್ಬರು ನೋಡಿರೋದು ಸಾಕ್ಷಿ.”

“ನಿನ್ನ ಕಾಲೇಜಿನ ಚರ್ಚಾಸ್ಪರ್ಧೆ ಇಲ್ಲಿ ಬೇಡ. ಆ ವಾರ ಪತ್ರಿಕೇಲಿ ಕಥೆ ಬರ್ಲಿಲ್ಲ, ಅದು ಸುಳ್ಳಾ?”

ಸುಳ್ಳಲ್ಲ. ಅದೊಂದನ್ನು ಒಪ್ಪಲೇಬೇಕು. ಗ್ರಂಥಾಲಯದಲ್ಲಿ ಹಳೆಯ ಸಂಚಿಕೆಗಳನ್ನು ತಿರುವಿ ನೋಡಿದ್ದೇನೆ. ಆ ವಾರ ಕಥೆಯ ಜಾಗದಲ್ಲಿ ಕೇಶತೈಲದ ಜಾಹೀರಾತು, ಅದರ ಕೆಳಗೆ ಓದುಗರ ಕ್ಷಮೆ ಕೋರುವ ಎರಡು ಸಾಲು. ಮುಂದಿನ ವಾರ ಅಧ್ಯಾಯ ಬಂದಿದೆ, ಕಥೆ ಮುಗಿದಿದೆ. ನಡುವಿನ ಆ ಏಳು ದಿನಗಳಲ್ಲಿ ಹುಟ್ಟಿದ ದಂತಕಥೆ ಮೂವತ್ತು ವರ್ಷಕ್ಕೂ ಮೀರಿ ಬದುಕಿದೆ.

ನಾನು ಕರಡು ತಿದ್ದುವ ಪುಟ್ಟ ಪ್ರಕಾಶನದ ಯಜಮಾನರು ಆ ಕಾದಂಬರಿಯನ್ನು ಮತ್ತೆ ಅಚ್ಚು ಹಾಕುವವರಿದ್ದರು. ಮುಖಪುಟದಲ್ಲಿ ‘ದೆವ್ವ ಕದ್ದೊಯ್ದ ಅಧ್ಯಾಯದೊಂದಿಗೆ’ ಎಂದು ಹಾಕಬೇಕೆಂಬುದು ಅವರ ಆಸೆ. ನಾನು ಜಗಳವಾಡಿದೆ. ನಡೆದದ್ದೇನೆಂದು ಮುನ್ನುಡಿಯಲ್ಲಿ ಬರೆಯೋಣ, ಓದುಗರೇನು ಮಕ್ಕಳೇ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಸರಿ, ನೀನೇ ಮದ್ರಾಸಿಗೆ ಹೋಗಿ ರಾಯರ ಒಪ್ಪಿಗೆ ತಗೊಂಡು ಬಾ. ನಿಜ ಸಿಕ್ಕರೆ ನಿಜ ಹಾಕೋಣ. ಸಿಗದೇ ಇದ್ರೆ ದೆವ್ವ.”

ನಾನು ರಾಜ್ಯದ ಗಡಿ ದಾಟುವುದು ಅದೇ ಮೊದಲು. ಪಾಸ್‌ಪೋರ್ಟು ಬೇಡದ ಪರದೇಶವಾದರೂ ಅಮ್ಮ ಹಡಗು ಹತ್ತಿಸುವವಳ ಹಾಗೆ ಅತ್ತಳು, ಚಕ್ಕುಲಿ ಕಟ್ಟಿದಳು, ಕೊನೆಗೆ “ಆ ಮನೇಲಿ ಮಾತ್ರ ಮಲಗಬೇಡ” ಎಂದಳು. ಯಾವ ಮನೆಯೆಂದು ಅವಳಿಗೂ ಗೊತ್ತಿರಲಿಲ್ಲ.

ಪೆರುಂಗುಡಿ, ತಪ್ಪಿ ಇಳಿದದ್ದು

ಬೆಳಿಗ್ಗೆ ಸೆಂಟ್ರಲ್‌ನಲ್ಲಿ ಇಳಿದಾಗ ಮೊದಲು ಎದುರಾದದ್ದು ಶಾಖ. ನಮ್ಮೂರಲ್ಲಿ ಬಿಸಿಲು ಮೇಲಿನಿಂದ ಬೀಳುತ್ತದೆ. ಇಲ್ಲಿ ಅದು ಸುತ್ತಲಿಂದ ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟುತ್ತದೆ. ರಾಯರ ಮನೆ ವೇಲಚೇರಿಯಲ್ಲಿ. ಅಲ್ಲಿಗೆ ಕಂಬಗಳ ಮೇಲೆ ಓಡುವ ರೈಲಿದೆ, ಹೊಸದಾಗಿ ಅಲ್ಲಿಯವರೆಗೂ ಬಿಟ್ಟಿದ್ದಾರೆ ಎಂದು ಯಾರೋ ಹೇಳಿದರು. ಹತ್ತಿದೆ. ಬ್ಯಾಗಿನಿಂದ ಕಾದಂಬರಿ ತೆಗೆದು ಮೂರನೇ ಸಲ ಓದತೊಡಗಿದೆ, ಕೈಯಲ್ಲಿ ಪೆನ್ಸಿಲು.

ಓದದವರಿಗಾಗಿ ಕಥೆ ಹೇಳಿಬಿಡುತ್ತೇನೆ. ಹೊಸದಾಗಿ ಮದುವೆಯಾದವನೊಬ್ಬ ಮಾವನ ಮನೆಗೆ ಬರುತ್ತಾನೆ. ಮಹಡಿಗೆ ಹೋಗುವ ಮೆಟ್ಟಿಲ ತಿರುವಿನಲ್ಲಿ ಕೆಂಪು ಸೀರೆಯವಳೊಬ್ಬಳು ಕೂತಿದ್ದಾಳೆ, ಮೊಣಕಾಲು ಮುಟ್ಟುವ ಕೂದಲು ಬಾಚಿಕೊಳ್ಳುತ್ತಿದ್ದಾಳೆ. ಮನೆಯವರು ಅವಳ ಸುದ್ದಿ ಎತ್ತುವುದಿಲ್ಲ. ವಾರವಾರಕ್ಕೂ ಅವಳು ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತಾಳೆ. ಕೊನೆಯಲ್ಲಿ ಮಂತ್ರವಾದಿ ಬಂದು ಅವಳ ಕೂದಲನ್ನು ಬುಡಕ್ಕೆ ಕತ್ತರಿಸಿ ಸುಡುತ್ತಾನೆ. ಅವಳು ಬೂದಿಯಾಗುತ್ತಾಳೆ, ಮನೆ ಶುದ್ಧವಾಗುತ್ತದೆ.

ಕೂದಲು ಸುಡುವ ವಾಸನೆಯ ಸಾಲಿನಲ್ಲಿದ್ದಾಗ ರೈಲು ನಿಂತಿತು. ತಲೆಯೆತ್ತಿ ನೋಡಿದರೆ ಡಬ್ಬಿ ಖಾಲಿ. ವೇಲಚೇರಿ ಬಂತೆಂದು ಗಾಬರಿಯಲ್ಲಿ ಇಳಿದೆ. ರೈಲು ಹೋಯಿತು.

ಅಂಥ ನಿಲ್ದಾಣವನ್ನು ನಾನು ನೋಡಿರಲಿಲ್ಲ. ಜಾತ್ರೆ ಸೇರಿಸುವಷ್ಟು ದೊಡ್ಡ ಕಾಂಕ್ರೀಟು ಹಜಾರ, ಒಬ್ಬ ಮನುಷ್ಯನಿಲ್ಲ. ದೀಪಗಳಿಲ್ಲ. ಎಸ್ಕಲೇಟರು ಸತ್ತು ಬಿದ್ದಿತ್ತು. ಹೊರಗೆ ಜೌಗು ನೆಲ, ದೂರದಲ್ಲಿ ಕಸ ಉರಿಯುವ ಹೊಗೆ, ಅದರ ವಾಸನೆಗೆ ಆಗತಾನೇ ಓದಿದ ಸಾಲು ಬೆರೆತುಕೊಂಡಿತು. ನಾನು ನಡೆದರೆ ಹಿಂದೆ ಇನ್ನೊಂದು ಹೆಜ್ಜೆ. ನಿಂತರೆ ಅದು ತುಸು ತಡೆದು ನಿಲ್ಲುತ್ತಿತ್ತು. ಪ್ರತಿಧ್ವನಿ ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಆ ಮಾತೂ ತಿರುಗಿ ಬಂತು. ಬೆಳಗಿನ ಹೊತ್ತು, ಬಿಸಿಲು, ಕೈಯಲ್ಲಿ ಪೆನ್ಸಿಲು. ಆದರೂ ಮೆಟ್ಟಿಲು ಇಳಿಯುವಾಗ ನಾನು ಓಡಿದೆ. ಓಡಿದ್ದನ್ನು ಇಲ್ಲಿ ಬರೆಯದಿದ್ದರೆ ಚಿಲಕದ ಸಾಕ್ಷಿ ಕೇಳುವ ಹಕ್ಕು ನನಗಿರುವುದಿಲ್ಲ.

ಕೆಳಗೆ ಟಿಕೆಟ್ ಕಿಟಕಿಯ ಹಿಂದೆ ಒಬ್ಬರು ಕೂತು ಇಡ್ಲಿ ತಿನ್ನುತ್ತಿದ್ದರು. “ವೇಲಚೇರಿ ಅಡುತ್ತ ಸ್ಟೇಷನ್‌ಮಾ,” ಎಂದರು, ಮುಂದಿನ ನಿಲ್ದಾಣದ ಕಡೆ ಚಟ್ನಿಯ ಬೆರಳು ತೋರಿಸಿ. ನನ್ನ ಮುಖ ನೋಡಿ ನೀರಿನ ಬಾಟಲಿ ಮುಂದೆ ತಳ್ಳಿದರು. ಏನು ಕಂಡೆ ಎಂದು ಕೇಳಲಿಲ್ಲ. ಅಲ್ಲಿ ತಪ್ಪಿ ಇಳಿದು ಓಡಿ ಬರುವವರು ಅವರಿಗೆ ದಿನವೂ ಸಿಗುತ್ತಾರೇನೋ.

ವೇಲಚೇರಿ

ರಾಯರ ಫ್ಲ್ಯಾಟಿನ ಕಾಂಪೌಂಡು ಗೋಡೆಯ ಮೇಲೆ ನನ್ನ ಸೊಂಟದೆತ್ತರಕ್ಕೆ ಕಂದು ಗೆರೆಯೊಂದಿತ್ತು, ಮಳೆಗಾಲದಲ್ಲಿ ನೀರು ನಿಂತ ಗುರುತು. ನೆಲಮಹಡಿಯ ಆ ಮನೆಯಲ್ಲಿ ಮಂಚಗಳೆಲ್ಲ ಇಟ್ಟಿಗೆಯ ಮೇಲೆ, ಪುಸ್ತಕಗಳೆಲ್ಲ ಅಟ್ಟದ ಮೇಲೆ. ನಾನು ಊಹಿಸಿಕೊಂಡಿದ್ದ ಕಪ್ಪು ಶಾಲಿನ ವ್ಯಕ್ತಿಯ ಬದಲು ಬನಿಯನ್ನು ತೊಟ್ಟ, ಬ್ಯಾಂಕಿನಿಂದ ನಿವೃತ್ತರಾದ, ಮಂಡಿ ನೋವಿನ ಸಣಕಲು ಮನುಷ್ಯರೊಬ್ಬರು ಬಾಗಿಲು ತೆಗೆದರು.

“ಬಾಮ್ಮ, ಬಾ. ಮೈಸೂರಲ್ಲಿ ಮಳೆಯಾ?”

ಅವರ ಹೆಂಡತಿ ಸುಶೀಲಮ್ಮ ಡಬರಾ-ಲೋಟದಲ್ಲಿ ಕಾಫಿ ತಂದರು. ನಾನು ಲೋಟ ತುಟಿಗೆ ಹಚ್ಚಿದ್ದನ್ನು ನೋಡಿ ಅವರ ಹುಬ್ಬು ಮೇಲೇರಿತು. ಇಲ್ಲಿ ಲೋಟ ತುಟಿಗೆ ತಾಗಬಾರದು, ಎತ್ತಿ ಸುರಿದುಕೊಳ್ಳಬೇಕು. ಪ್ರಯತ್ನಿಸಿದೆ, ಅರ್ಧ ಕಾಫಿ ಕತ್ತಿನ ಮೇಲೆ ಇಳಿಯಿತು. ಸುಶೀಲಮ್ಮ ತಲೆತಲಾಂತರದಿಂದ ಮದರಾಸಿನಲ್ಲೇ ನೆಲೆಸಿದ ಕನ್ನಡ ವೈಷ್ಣವರ ಮಗಳು. ರಾಯರು ಮೈಸೂರಿನಿಂದ ಹೋಗಿ ಆಗ ಮಾವನ ಮನೆಯಲ್ಲೇ ಉಳಿದಿದ್ದ ಅಳಿಯ.

ಮೊದಲು ನಾವು ಕಸುಬಿನ ಮಾತಾಡಿದೆವು. ಹೆದರಿಸುವುದು ಹೇಗೆ ಎಂದು ಕೇಳಿದೆ.

“ದೆವ್ವ ಕಂಡಾಗ ಯಾರೂ ಹೆದರಲ್ಲಮ್ಮ. ಮನೆಯವರು ಅದರ ಸುದ್ದಿ ಎತ್ತದೇ ಇದ್ದಾಗ ಹೆದರ್ತಾರೆ. ಅಷ್ಟೇ ಗುಟ್ಟು.” ರಾಯರಿಗೆ ಉತ್ಸಾಹ ಬಂತು. “ಪ್ರತಿ ಭಾನುವಾರ ಹಜಾರದಲ್ಲಿ ಕೂತು ಬರೆದಿದ್ದನ್ನ ಗಟ್ಟಿಯಾಗಿ ಇವಳಿಗೆ ಓದ್ತಿದ್ದೆ. ಇವಳು ತರಕಾರಿ ಹೆಚ್ತಿರೋಳು. ಈಳಿಗೆಮಣೆ ಎಲ್ಲಿ ನಿಲ್ತೋ, ಅಲ್ಲಿಗೆ ಆ ವಾರದ ಕಂತು ಮುಗಿಸ್ತಿದ್ದೆ.”

“ಕೈ ನೋವು ಬಂದು ನಿಲ್ಲಿಸ್ತಿದ್ದೆ,” ಎಂದರು ಸುಶೀಲಮ್ಮ. “ಇವ್ರು ನಾ ಭಯಪಟ್ಟೆ ಅಂದ್ಕೊಂಬಿಟ್ಟು ಸಂತೋಷವಾಗಿ ‘ಮುಂದುವರಿಯುವುದು’ ಅಂತ ಬರ್ಕೊಳ್ಳೋರು.”

ಆಮೇಲೆ ನಾನು ಕೊನೆಯ ಅಧ್ಯಾಯದ ಮಾತೆತ್ತಿದೆ. ರಾಯರು ಕಣ್ಣು ಮುಚ್ಚಿ ದಂತಕಥೆಯನ್ನು ಒಪ್ಪಿಸಿದರು: ಮೇಜು, ಅಗುಳಿ, ಚಿಲಕ, ಜ್ವರ. ಅಮ್ಮ ಹೇಳುವುದಕ್ಕಿಂತ ಚೆನ್ನಾಗಿ ಹೇಳಿದರು.

“ಹಜಾರದಲ್ಲಿ ಬರೀತಿದ್ದೆ ಅಂದ್ರಲ್ಲ ಸಾರ್. ಹಜಾರಕ್ಕೆ ಎಲ್ಲಾದ್ರೂ ಅಗುಳಿ ಇರುತ್ತಾ?”

ಸುಶೀಲಮ್ಮ ಒಳಗೆ ಹೋದರು. ರಾಯರು ನಕ್ಕರು, ಆದರೆ ಕಣ್ಣು ಬಿಟ್ಟರು.

“ಇಲಿ ಒಯ್ದಿರಬಹುದು, ಬಿಡು.”

“ಅದನ್ನ ಬಿಡ್ತೀನಿ. ಇನ್ನೊಂದು ಕೇಳ್ತೀನಿ. ನಿಮ್ಮ ದೆವ್ವ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತೆ. ಮಧ್ಯಾಹ್ನದವರೆಗೆ ಮಕ್ಕಳು ಮುಟ್ಟಿದ್ರೆ ಕಿರುಚುತ್ತೆ. ಏಕಾದಶಿ ದಿನ ಊಟದ ವಾಸನೆಗೂ ಇಳಿದು ಬರಲ್ಲ. ಯಾರಾದ್ರೂ ಪ್ರಯಾಣ ಹೊರಟಾಗ ಬಾಗಿಲ ಹಿಂದೆ ಅಡಗಿಕೊಳ್ಳುತ್ತೆ. ಕೆಂಪು ಸೀರೆ ಬಿಟ್ಟು ಬೇರೆ ಉಡಲ್ಲ.” ಪೆನ್ಸಿಲಿನ ಗೆರೆಗಳಿದ್ದ ಪುಟಗಳನ್ನು ತೋರಿಸಿದೆ. “ನಮ್ಮ ಬೀದಿ ಕೊನೇಲಿ ಹೀಗೇ ಇದ್ದ ಒಬ್ಬರು ಅಜ್ಜಿಯನ್ನ ಚಿಕ್ಕವಳಿದ್ದಾಗ ನೋಡಿದೀನಿ ಸಾರ್. ಗಂಡ ಸತ್ತ ಮೇಲೆ ತಲೆ ಬೋಳಿಸಿ, ಮಡಿಯಲ್ಲಿಟ್ಟು, ಹಿಂದಿನ ಕೋಣೆಗೆ ಹಾಕಿದ್ರು. ಇದು ದೆವ್ವ ಅಲ್ಲ. ನಿಮ್ಮ ಮಾವನ ಮನೆಯ ಯಾರೋ ಮಡಿಹೆಂಗಸು.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸ್ಪರ್ಧೆಗಳಲ್ಲಿ ಎದುರಾಳಿಯ ವಾದ ಕುಸಿದಾಗ ಒಂದು ಸುಖವಿರುತ್ತದೆ. ಅಂದು ಅದು ಬಂತು, ನಿಲ್ಲಲಿಲ್ಲ. ಎದುರಿಗಿದ್ದವರು ನನ್ನ ಪೆನ್ಸಿಲಿನ ಗೆರೆಗಳ ಮೇಲೆ ಅಂಗೈ ಮುಚ್ಚಿಟ್ಟಿದ್ದರು.

“ಪದ್ದತ್ತೆ,” ಎಂದರು ರಾಯರು. “ಇವಳ ಸೋದರತ್ತೆ. ಹದಿಮೂರೋ ಹದಿನಾಲ್ಕೋ ವರ್ಷಕ್ಕೆ ತಲೆ ಬೋಳಿಸಿದ್ರಂತೆ. ಮದುವೆ ಆದ ಹೊಸದು, ದೀಪಾವಳಿಗೆ ಹೋಗಿದ್ದೆ. ದೀಪ ಹಚ್ಚೋ ಹೊತ್ತು, ಮಹಡಿ ಹತ್ತೋಣ ಅಂತ ತಲೆ ಎತ್ತಿದ್ರೆ, ತಿರುವಿನಲ್ಲಿ ಕೆಂಪು ಬಟ್ಟೆ, ಬೋಳುತಲೆ, ಎರಡು ಕಣ್ಣು. ಪ್ರಜ್ಞೆ ತಪ್ಪಿ ಬಿದ್ದೆ. ಮನೆಯವರೆಲ್ಲ ನಕ್ಕರು. ಅಳಿಯನಿಗೆ ಅಂಥವರೊಬ್ಬರು ಇದಾರೆ ಅಂತ ಹೇಳಬೇಕು ಅನ್ನೋದೇ ಅವರಿಗೆ ಹೊಳೆದಿರಲಿಲ್ಲ.”

“ಮತ್ತೆ ಕಥೆಯಲ್ಲಿ ಅಷ್ಟು ಕೂದಲು ಯಾಕೆ ಕೊಟ್ರಿ?”

“ದೆವ್ವಕ್ಕೆ ಕೂದಲು ಬೇಡ್ವೇನಮ್ಮಾ? ಬೋಳು ದೆವ್ವಕ್ಕೆ ಯಾರು ಹೆದರ್ತಾರೆ?”

“ನೀವು ಹೆದರಿದ್ರಲ್ಲ ಸಾರ್.”

ರಾಯರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. “ಅತ್ತೆ ಇನ್ನೂ ಇದಾರೆ. ಎಂಬತ್ತು ದಾಟಿದೆ. ಅಣ್ಣಾ ನಗರದಲ್ಲಿ ಇವಳ ತಮ್ಮನ ಮನೇಲಿ. ಅವರಿಗೆ ಇದ್ಯಾವುದೂ ಗೊತ್ತಿಲ್ಲ. ದೇವರನಾಮ ಬಿಟ್ಟು ಬೇರೆ ಓದಿದವರಲ್ಲ. ನೀನು ನಿಜ ಬರೀತೀನಿ ಅಂತ ಹೋಗಿ ಅವರ ಮುಂದೆ ಈ ಪುಸ್ತಕ ಇಟ್ರೆ, ಈ ವಯಸ್ಸಲ್ಲಿ... ದೆವ್ವದ ಕಥೆ ಹಾಗೇ ಇರಲಿ. ಯಾರಿಗೂ ನೋವಾಗಲ್ಲ. ಮುನ್ನುಡಿಯಲ್ಲಿ ಅದನ್ನೇ ಹಾಕಿ. ಹಾಗಾದ್ರೆ ಮಾತ್ರ ನನ್ನ ಒಪ್ಪಿಗೆ.”

ಜೀವಮಾನದಲ್ಲಿ ಮೊದಲ ಬಾರಿಗೆ ಎದುರು ವಾದ ನನಗೂ ಸರಿಯೆನಿಸಿತು. ಅತ್ತೆಯ ಮುಂದೆ ಪುಸ್ತಕದ ಸುದ್ದಿ ಎತ್ತುವುದಿಲ್ಲ ಎಂದು ಮಾತು ಕೊಟ್ಟೆ.

ಅಂದು ಅವರ ಮನೆಯಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಹೊರಡುವಾಗ ಸುಶೀಲಮ್ಮ ಒಂದು ಪೊಟ್ಟಣ ತಂದು ನನ್ನ ಕೈಗಿಟ್ಟರು. ಬಿಸಿ ಹುಳಿಪುಡಿಯ ಘಮ.

“ರೈಲು ಮಧ್ಯಾಹ್ನ ತಾನೆ? ದಾರಿಯಲ್ಲಿ ಅಣ್ಣಾ ನಗರದಲ್ಲಿ ಕೊಟ್ಟುಬಿಡು. ಪದ್ದತ್ತೆಗೆ ನನ್ನ ಕೈಯ ಪುಡಿ ಇಲ್ದೆ ಊಟ ಸೇರಲ್ಲ.”

“ಅಣ್ಣಾ ನಗರ ದಾರಿಯಲ್ಲಿದೆಯೇನೇ?” ಎಂದರು ರಾಯರು. ಅದು ಊರಿನ ಇನ್ನೊಂದು ಮೂಲೆ ಎಂದು ನನಗಾಮೇಲೆ ತಿಳಿಯಿತು.

“ಎಲ್ಲಾ ದಾರಿಯಲ್ಲೇ ಇದೆ,” ಎಂದರು ಸುಶೀಲಮ್ಮ, ಗಂಡನ ಮುಖ ನೋಡದೆ. “ಮೊದ್ಲು ತಿರುವಲ್ಲಿಕ್ಕೇಣಿಯಲ್ಲಿ ಇಳಿದು ನಮ್ಮ ಹಳೇ ಮನೆ ನೋಡ್ಕೊಂಡು ಹೋಗಮ್ಮಾ. ಮೆಟ್ಟಿಲು ಹಾಗೇ ಇದೆ.”

ತಿರುವಲ್ಲಿಕ್ಕೇಣಿ

ಆ ಮನೆ ಈಗ ಒಂಟಿ ಗಂಡಸರು ಬಾಡಿಗೆಗಿರುವ ಲಾಡ್ಜು. ಇಲ್ಲಿ ಇಂಥವಕ್ಕೆ ಮ್ಯಾನ್ಷನ್ ಎನ್ನುತ್ತಾರೆ. ಹೆಸರು ಅರಮನೆಯದು, ಒಳಗೆ ಪಂಜರಗಳು. ಹಜಾರವನ್ನು ಪ್ಲೈವುಡ್ಡಿನಿಂದ ನಾಲ್ಕು ಕೋಣೆ ಮಾಡಿದ್ದರು. ಎಲ್ಲ ಕಡೆ ಒಣಹಾಕಿದ ಲುಂಗಿಗಳು. ಹೆಂಗಸರಿಗೆ ಒಳಗೆ ಪ್ರವೇಶವಿಲ್ಲವೆಂದು ಮ್ಯಾನೇಜರು ತಡೆದ. “ಇದು ನಮ್ಮ ಸಂಬಂಧಿಕರ ಹಳೇ ಮನೆ” ಎಂದು ಅರೆಸುಳ್ಳು ಹೇಳಿದೆ. ಅವನು ತಲೆ ಕೆರೆದುಕೊಂಡು ಎರಡು ನಿಮಿಷ ಎಂದು ಬೆರಳು ತೋರಿಸಿದ.

ಮೆಟ್ಟಿಲು ಕಡಿದಾಗಿತ್ತು, ಮರದ್ದು, ನಡುವೆ ಸವೆದು ತಗ್ಗಾಗಿತ್ತು. ತಿರುವಿಗೆ ಹೋಗಿ ಕೂತೆ. ಹಗಲಲ್ಲೂ ಅಲ್ಲಿ ಬೆಳಕು ಸಾಲದು. ಕೆಳಗಿನಿಂದ ಯಾರಾದರೂ ತಲೆಯೆತ್ತಿದರೆ ನನ್ನ ಕಣ್ಣು ಮಾತ್ರ ಕಾಣುತ್ತಿತ್ತೇನೋ. ಬೆನ್ನ ಹಿಂದೆ ಮಹಡಿಯ ಒಂದೇ ಕೋಣೆ, ಕದ ಮುಚ್ಚಿತ್ತು. ಅದು ಯಾವಾಗ ಬೇಕಾದರೂ ತೆರೆಯುತ್ತದೆ ಎಂಬ ಭಾವನೆ ಕುತ್ತಿಗೆಯ ಹಿಂದೆ ಕೂತಿತ್ತು. ತಿರುಗಿ ನೋಡಬಾರದೆಂದು ಹಟ ಹಿಡಿದೆ.

ಆಗ ಕಿವಿಯ ಹತ್ತಿರವೇ ಒಬ್ಬ ಗಂಡಸು, “ಯಾರ್‌ ಎನ್ ಸೋಪ್ ಎಡುತ್ತದು?” ಎಂದ. ಸುತ್ತ ನೋಡಿದೆ, ಯಾರೂ ಇಲ್ಲ. ಇನ್ನೊಬ್ಬ ಗೊಣಗಿದ. ಮೊದಲಿನವನು ಬೈದ. ಇಬ್ಬರು ಬಾಡಿಗೆದಾರರು ಸೋಪಿಗಾಗಿ ಜಗಳವಾಡುತ್ತಿದ್ದರು. ಕೆಳಗೆ, ಹಜಾರದ ಆ ತುದಿಯಲ್ಲಿ, ಪ್ಲೈವುಡ್ಡಿನ ಹಿಂದೆ. ಪಿಸುಮಾತು ಕೂಡ ಕಡಿದಾದ ಆ ಮೆಟ್ಟಿಲ ಗೂಡಿನೊಳಗೆ ಏರಿ ಬಂದು ತಿರುವಿನಲ್ಲಿ ಬೀಳುತ್ತಿತ್ತು.

ಪ್ರತಿ ಭಾನುವಾರ ರಾಯರು ಹಜಾರದಲ್ಲಿ ಗಟ್ಟಿಯಾಗಿ ಓದುತ್ತಿದ್ದರು.

ಪೊಟ್ಟಣ ಎದೆಗವಚಿಕೊಂಡು ಇಳಿದೆ. ಪದ್ದತ್ತೆಗೆ ಏನೂ ಗೊತ್ತಿಲ್ಲವಂತೆ! ಸುಶೀಲಮ್ಮ ನನ್ನನ್ನು ಇಲ್ಲಿಗೆ ಕಳಿಸಿದ್ದು ಮನೆ ನೋಡಲೆಂದಲ್ಲ.

ಅಣ್ಣಾ ನಗರ್

ಇಲ್ಲಿನ ಬಸ್ಸಿನಲ್ಲಿ ಕಂಡಕ್ಟರು ತನ್ನ ಸೀಟು ಬಿಟ್ಟು ಏಳುವುದಿಲ್ಲ. ಮುಂದಿನ ಬಾಗಿಲಲ್ಲಿ ಹತ್ತಿದವರು ಹಣವನ್ನು ಪಕ್ಕದವರ ಕೈಗೆ ಕೊಡುತ್ತಾರೆ, ಅದು ಹತ್ತು ಕೈ ದಾಟಿ ಹಿಂದೆ ಹೋಗಿ ಟಿಕೆಟ್ಟಾಗಿ ಅದೇ ಕೈಗಳಲ್ಲಿ ಮರಳುತ್ತದೆ. ಯಾರೂ ಮುಖ ನೋಡುವುದಿಲ್ಲ, ಯಾರೂ ಮೋಸ ಮಾಡುವುದಿಲ್ಲ. ಮೈಸೂರಿನಲ್ಲಿ ನಾನು ಯಾರ ಕೈಗೂ ಹಾಗೆ ಹಣ ಕೊಡಲಾರೆ. ಆ ಕೈಗಳನ್ನು ನೋಡುತ್ತ ಯೋಚಿಸಿದೆ: ಒಂದು ಮನೆಯಲ್ಲೂ ಹೀಗೆಯೇ ಏನೇನೋ ಕೈಯಿಂದ ಕೈಗೆ ಸಾಗುತ್ತಿರಬಹುದು, ಯಾರೂ ಯಾರ ಮುಖವನ್ನೂ ನೋಡದೆ. ನನ್ನ ತೊಡೆಯ ಮೇಲಿನ ಹುಳಿಪುಡಿಯ ಹಾಗೆ.

ಸುಶೀಲಮ್ಮನ ತಮ್ಮನ ಮಗಳು ನಂದಿನಿ ಬಾಗಿಲು ತೆಗೆದಳು. ಕಾಲೇಜಿನ ಹುಡುಗಿ, ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಕಾದಂಬರಿ, ಮುಖಪುಟದಲ್ಲಿ ರಕ್ತದ ಹನಿ. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಹೇಳಿದಳು: “ಪಾಟಿ ಉಳ್ಳ ಇರುಕ್ಕಾಂಗ, ವಾಂಗ.” ಅಜ್ಜಿ ಒಳಗಿದ್ದರು.

ಕಿಟಕಿಯ ಪಕ್ಕ ಕೂತಿದ್ದ ಮುದುಕಿಯನ್ನು ನೋಡಿ ನಾನು ನಿಂತೇಬಿಟ್ಟೆ. ಕೆಂಪು ಸೀರೆ ಸರಿ. ಆದರೆ ತಲೆಯಲ್ಲಿ ಕೂದಲಿತ್ತು. ಬೆಳ್ಳಗೆ, ತೆಳ್ಳಗೆ, ಹಿಂದೆ ನಿಂಬೆಕಾಯಿಯಷ್ಟು ಗಂಟು.

“ಏನೇ ಹಾಗೆ ನೋಡ್ತಿ? ಕೂದಲಾ?” ಪದ್ದತ್ತೆಯ ದನಿ ಗಡುಸಾಗಿತ್ತು. “ತಿರುವಲ್ಲಿಕ್ಕೇಣಿಯಲ್ಲಿ ತಿಂಗಳ್ತಿಂಗಳು ಕ್ಷೌರದವನು ಹಿತ್ಲಿಗೆ ಬರೋನು. ಈ ಫ್ಲ್ಯಾಟಿಗೆ ಅವನನ್ನ ವಾಚ್‌ಮ್ಯಾನ್ ಒಳಗೆ ಬಿಡಲ್ಲ. ಬೆಳ್ಕೊಂಡ್ತು. ಬ್ರಹ್ಮನಿಗೆ ಆಗದ್ದು ವಾಚ್‌ಮ್ಯಾನ್‌ಗೆ ಆಯ್ತು ನೋಡು.”

ನಂದಿನಿ ನಕ್ಕು ತನ್ನ ಪುಸ್ತಕ ತೋರಿಸಿದಳು. “ಪಾಟಿಗೆ ಡೈಲಿ ಒನ್ ಚಾಪ್ಟರ್ ಹೇಳಬೇಕು. ವ್ಯಾಂಪೈರ್ ಕ್ಯೂಟ್ ಆಗಿದಾನೆ ಅಂದ್ರೆ ಬೈತಾಂಗ.”

“ಮತ್ತೇನು? ರಕ್ತ ಕುಡಿಯೋನು, ಹುಡುಗಿ ಮುಂದೆ ಕೂತು ಹಾಡಿ ಹಾಡಿ ಅಳ್ತಾನೆ. ಅವನಿಗೆ ನಾ ಯಾಕೆ ಹೆದರ್ಲಿ? ದೆವ್ವ ಅಂದ್ರೆ ಮಾತಾಡಬಾರ್ದು. ಕೂತಿರಬೇಕು.” ಹುಳಿಪುಡಿ ಮೂಸಿ ನೋಡಿ ಪಕ್ಕಕ್ಕಿಟ್ಟರು. “ನಂದೂ, ತಾರಸಿ ಮೇಲೆ ವಡಾಂ ಸಂಡಿಗೆ ಒಣಹಾಕಿದೀನಿ. ಕಾಗೆ ಬರ್ತದೆ, ಹೋಗಿ ಕಾಯಿ.”

ತಾರಸಿಗೆ ಹೊರಟ ನಂದಿನಿಯ ಹಿಂದೆ ಬಾಗಿಲು ಮುಚ್ಚಿತು. ಅಜ್ಜಿ ನನ್ನ ಕಡೆ ತಿರುಗಿದರು.

“ಪುಸ್ತಕದವಳು ನೀನೇ ತಾನೆ? ಸುಶೀಲು ಫೋನ್ ಮಾಡಿದ್ಲು.”

ಮಾತು ಕೊಟ್ಟಿದ್ದೆ. “ನಾನು ಹುಳಿಪುಡಿ ಕೊಡೋಕೆ ಬಂದೆ ಅಜ್ಜಿ,” ಎಂದೆ.

“ಶ್ರೀಪತಿ ಆಣೆ ಹಾಕ್ಸಿದಾನಾ? ಹಾಗಿದ್ರೆ ನೀ ಮಾತಾಡಬೇಡ, ಕೇಳು. ದೇವರನಾಮ ಓದ್ಲಿ ಅಂತ ನಮ್ಮಪ್ಪ ನಂಗೆ ಕನ್ನಡ ಅಕ್ಷರ ಕಲಿಸಿದ್ರು. ಈ ಮನೇಲಿ ಕನ್ನಡ ಓದಕ್ಕೆ ಬರೋಳು ಈಗ ನಾ ಒಬ್ಳೇ. ಅಕ್ಷರ ಬಂದ ಮೇಲೆ ಅದು ದೇವರನಾಮದಲ್ಲೇ ನಿಂತ್ಬಿಡ್ತದಾ? ಅವನ ಪತ್ರಿಕೆ ವಾರವಾರ ಮನೆಗೆ ಬರೋದು. ಊಟ ಆಗಿ ಮಡಿ ಮುಗಿದ ಮೇಲೆ ತಗೊಂಡು ಓದ್ತಿದ್ದೆ. ಓದೋಕೆ ಮುಂಚೆ ಭಾನುವಾರ ಮೆಟ್ಟಿಲಲ್ಲಿ ಕೂತು ಕೇಳ್ತಿದ್ದೆ.”

ಮಾತಾಡದೆ ಎಷ್ಟೆಂದು ಇರಲಿ? “ನಿಮಗೆ ಕೋಪ ಬರಲಿಲ್ವಾ ಅಜ್ಜಿ? ನಿಮ್ಮನ್ನ ದೆವ್ವ ಮಾಡಿದ್ರಲ್ಲ.”

“ಆ ಮನೇಲಿ ಅದಕ್ಕೆ ಮುಂಚೆ ನಾ ಏನಾಗಿದ್ದೆ ಅಂದ್ಕೊಂಡಿ?” ಅವರ ಕೈ ತಲೆಯ ಹಿಂದಿನ ಗಂಟಿಗೆ ಹೋಯಿತು. “ಅವನು ನಂಗೆ ಕೂದಲು ಕೊಟ್ಟ. ಮೊಣಕಾಲಿನ ತನಕ. ಮೂರನೇ ವಾರದಲ್ಲಿ ಪೂರ್ತಿ ಒಂದು ಪುಟ ಬಾಚ್ಕೊಂಡೇ ಕೂತಿರ್ತೀನಿ, ಜ್ಞಾಪಕ ಇದೆಯಾ? ಆ ಪುಟ ನಂಗೆ ಬಾಯಿಪಾಠ. ನನ್ನ ನೋಡಿ ಮನೆ ಎಲ್ಲಾ ನಡುಗ್ತದೆ, ನಾ ಒಂದೊಂದು ಮೆಟ್ಟಿಲು ಇಳೀತೀನಿ. ಹಬ್ಬದ ಹಾಗೆ ಇತ್ತೇ ಆ ವಾರಗಳು.”

ಹೊರಗೆ ಎಲ್ಲೋ ಲಿಫ್ಟಿನ ಬಾಗಿಲು ಬಡಿಯಿತು. ಅಜ್ಜಿ ಕೈ ಕೆಳಗಿಳಿಸಿದರು.

“ಆ ಭಾನುವಾರ ಕೊನೇದು ಓದಿದ. ಮಂತ್ರವಾದಿ ಕತ್ರಿ ತಗೊಂಡ. ನಂಗೆ ಆ ಕತ್ರಿ ಸದ್ದು ಗೊತ್ತು. ಅವನಿಗೆ ಗೊತ್ತಿಲ್ಲ, ಸುಮ್ನೆ ‘ಕಚಕ್’ ಅಂತ ಬರ್ದಿದ್ದ. ಮುಂಜಾನೆ ಸ್ನಾನಕ್ಕೆ ಮನೇಲಿ ಮೊದ್ಲು ಏಳೋಳು ನಾನು. ಹಾಳೆ ಮೇಜಿನ ಮೇಲೇ ಇತ್ತು. ತಗೊಂಡ್ ಹೋಗಿ ಹಂಡೆ ಒಲೆಗೆ ಹಾಕಿ, ಆ ಬಿಸಿನೀರನ್ನೇ ತಲೆ ಮೇಲೆ ಸುರ್ಕೊಂಡೆ.”

ಮೂವತ್ತು ವರ್ಷಗಳ ದಂತಕಥೆಯನ್ನು ಸುಳ್ಳು ಮಾಡಲು ನಾನು ರಾಜ್ಯದ ಗಡಿ ದಾಟಿದ್ದೆ. ಅಗುಳಿ ಸುಳ್ಳು, ಚಿಲಕ ಸುಳ್ಳು. ಉಳಿದದ್ದು? ಕೊನೆಯ ಅಧ್ಯಾಯವನ್ನು ಒಯ್ದವಳು ಮೆಟ್ಟಿಲ ಮೇಲಿನವಳೇ. ಅಮ್ಮ ಹೇಳಿದ್ದು ಅಕ್ಷರಶಃ ನಿಜ.

“ಅವನು ತಿರುಗಿ ಅದನ್ನೇ ಬರ್ದ,” ಎಂದರು ಪದ್ದತ್ತೆ. “ಈಗ ಮತ್ತೆ ಅಚ್ಚು ಹಾಕ್ತೀರಂತೆ. ಆ ಒಂದು ಅಧ್ಯಾಯ ಬಿಟ್ಟು ಹಾಕು. ನಾ ಮೆಟ್ಟಿಲಲ್ಲಿ ಕೂತಿರೋ ಕಡೆಗೇ ನಿಲ್ಲಿಸು.”

“ಕೊನೆ ಇಲ್ಲದ ಕಾದಂಬರೀನ ಓದುಗರು ಒಪ್ಪಲ್ಲ ಅಜ್ಜಿ.”

“ಒಂದು ವಾರ ಒಪ್ಪಿದ್ರಲ್ಲ? ಆ ಒಂದು ವಾರ ನಿಮ್ಮ ಸೀಮೇಲೆಲ್ಲಾ ನಂಗೆ ಕೂದಲಿತ್ತು.”

ಕೊನೆಯ ಅಸ್ತ್ರವೆಂಬಂತೆ ಮುನ್ನುಡಿಯ ಮಾತೆತ್ತಿದೆ: ನಡೆದದ್ದನ್ನೆಲ್ಲ ಬರೆಯುತ್ತೇನೆ, ನಿಮಗಾದ ಅನ್ಯಾಯ ಎಲ್ಲರಿಗೂ ತಿಳಿಯಲಿ.

“ಅದು ಇನ್ನೂ ಕೆಟ್ಟದ್ದು. ನಿನ್ನ ನಿಜದಲ್ಲಿ ನನ್ನ ತಲೆ ಬೋಳು. ಅವನ ಸುಳ್ಳಲ್ಲಿ ಕೂದಲಿದೆ. ಆ ಪುಸ್ತಕ ತೆರೆದ ಕೂಡ್ಲೇ ಬೋಳುತಲೆ ಕಂಡ್ರೆ ಆಮೇಲೆ ಬಾಚೋದನ್ನ ಯಾರು ನಂಬ್ತಾರೆ? ನಿಜ ಬೇಕಿದ್ರೆ ಬೇರೆ ಎಲ್ಲಾದ್ರೂ ಬರ್ಕೋ, ಹೆಸರು ಬದಲಾಯ್ಸಿ. ನನ್ನ ಪುಸ್ತಕದೊಳಗೆ ಬೇಡ.”

ನನ್ನ ಪುಸ್ತಕ ಎಂದರು.

ಬಾಗಿಲಲ್ಲಿ ನಂದಿನಿ ವಡಾಂ ತಟ್ಟೆ ಹಿಡಿದು ನಿಂತಿದ್ದಳು. ನಾನು ಹೊರಡಲು ಎದ್ದಾಗ ಪದ್ದತ್ತೆ ಹಳೆಯ ಅಭ್ಯಾಸದಂತೆ ಒಳಕೋಣೆಗೆ ಸರಿಯಲು ಗೋಡೆ ಹಿಡಿದರು; ಪ್ರಯಾಣ ಹೊರಟವರ ಕಣ್ಣಿಗೆ ಅಂಥವರು ಬೀಳಬಾರದಲ್ಲ. “ಎದುರಿಗೇ ನಿಂತ್ಕೊಳ್ಳಿ ಅಜ್ಜಿ,” ಎಂದೆ. ನಿಂತರು. ಆದರೆ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡೇ ನಿಂತರು.

ಸೆಂಟ್ರಲ್, ಮಧ್ಯಾಹ್ನದ ಬೆಂಗಳೂರು ರೈಲು

ರಾಯರು ಪ್ಲಾಟ್‌ಫಾರಂನಲ್ಲಿ ನನಗಿಂತ ಮೊದಲೇ ಬಂದಿದ್ದರು. ಮಂಡಿನೋವಿನ ಮನುಷ್ಯ, ಅಷ್ಟು ದೂರದಿಂದ ಆಟೋದಲ್ಲಿ. ಕೈಯಲ್ಲಿ ಮೊಸರನ್ನದ ಡಬ್ಬಿ. ಇಸ್ತ್ರಿ ಮಾಡಿದ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಸುಶೀಲಮ್ಮ ಕೊಟ್ಟು ಕಳಿಸಿದ್ದು ಎಂದರು. ಡಬ್ಬಿ ಕೊಟ್ಟ ಮೇಲೂ ಹೋಗಲಿಲ್ಲ.

“ಅತ್ತೆ... ಏನಾದ್ರೂ ಹೇಳಿದ್ರಾ?”

“ಕೊನೆಯ ಅಧ್ಯಾಯ ಬಿಟ್ಟು ಅಚ್ಚು ಹಾಕಬೇಕಂತೆ. ನಿಮ್ಮ ಒಪ್ಪಿಗೆ ಬೇಕು ಸಾರ್. ಮುನ್ನುಡಿ ನಾನು ಬರೆಯಲ್ಲ, ದೆವ್ವದ ಕಥೆ ಬೇಕಾದ್ರೆ ಹಾಗೇ ಇರಲಿ.”

ಅವರು ಆಶ್ಚರ್ಯಪಡುತ್ತಾರೆಂದು ಕಾದೆ. ಆಶ್ಚರ್ಯದ ಗುರುತಿರಲಿಲ್ಲ. ಹಳಿಗಳ ಮೇಲೆ ಬಿಸಿಲಿನ ಝಳ ಆಡುತ್ತಿತ್ತು, ಅದನ್ನೇ ನೋಡಿದರು. ನಾನು ಡಬ್ಬಿಯ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತೆ. ಎರಡು ಮೆಟ್ಟಿಲು ಕೆಳಗೆ ಅವರು ನನ್ನತ್ತ ಮುಖ ಎತ್ತಿ ನಿಂತಿದ್ದರು.

“ಅವತ್ತು ಬೆಳಿಗ್ಗೆ ಸ್ನಾನಕ್ಕೆ ಹೋದೆನಮ್ಮ,” ಎಂದರು. “ಒಲೆ ಬೂದಿಯಲ್ಲಿ ಕಾಗದದ ಒಂದು ಅಂಚು ಉಳಿದಿತ್ತು. ನನ್ನ ಹಸಿರು ಶಾಯಿ. ಅಷ್ಟು ಹೊತ್ತಿಗೆ ಒಲೆ ಮುಂದೆ ಹೋಗೋರು ಆ ಮನೇಲಿ ಒಬ್ಬರೇ.”

“ಹಾಗಾದ್ರೆ ಗೊತ್ತಿತ್ತು.”

“ಜ್ವರ ಬಂದಿದ್ದು ನಿಜ.”

ಶಿಳ್ಳೆ ಕೇಳಿಸಿತು. ಇಲ್ಲಿಯವರೆಗೆ ನಾನು ಕೇಳಿದ ಪ್ರಶ್ನೆಗಳೆಲ್ಲ ಉತ್ತರ ಗೊತ್ತಿದ್ದೇ ಕೇಳಿದವು. ಚರ್ಚಾಸ್ಪರ್ಧೆಯಲ್ಲಿ ನಮಗೆ ಕಲಿಸುವುದೇ ಹಾಗೆ. ಇದರ ಉತ್ತರ ನನಗೆ ಗೊತ್ತಿರಲಿಲ್ಲ. ರೈಲು ಅಲುಗಿತು. ಅವರು ಬಾಗಿಲ ಕಂಬಿಯ ಮೇಲಿನ ಕೈ ತೆಗೆಯದೆ ಕುಂಟುತ್ತ ಜೊತೆಗೆ ನಾಲ್ಕು ಹೆಜ್ಜೆ ಬಂದರು. ನಾನು ಬಗ್ಗಿ, ಸದ್ದನ್ನು ಮೀರಿಸಿ ಕೂಗಿ ಕೇಳಿದೆ:

“ಮೊದಲನೇ ಸಲ ಬರೆದಿದ್ದು ಕಥೆ ಸಾರ್, ಒಪ್ಪಿದೆ. ಎರಡನೇ ಸಲ ಬರೆಯುವಾಗ ಮೆಟ್ಟಿಲ ಮೇಲೆ ಯಾರು ಕೂತು ಕೇಳ್ತಿದಾರೆ ಅಂತ ನಿಮಗೆ ಗೊತ್ತಿತ್ತು. ಆದ್ರೂ ಯಾಕೆ ಮತ್ತೆ ಕತ್ತರಿಸಿದ್ರಿ?”